ನಾಲ್ಕು ಗಂಟೆಯೊಳಗೆ ದಡಕ್ಕೆ

ಕಾನೂನು ಮುರಿಯುವ ಚಳವಳಿ ಅಂದರೆ ಪೇಪರಿನಲ್ಲಿ ಬರುವುದು ಪೊಲೀಸರು ಎತ್ತಿಕೊಂಡು ಹೋಗುತ್ತಿರುವವರ ಫೋಟೊ. ಅವರ ಚೀಲ ಯಾರ ಹತ್ತಿರ ಇತ್ತು, ಕಾರಿನ ಕೀ ಎಲ್ಲಿತ್ತು, ರಾತ್ರಿ ಠಾಣೆಯಿಂದ ಹೊರಗೆ ಬಂದಾಗ ಒಣ ಟವೆಲ್ ಕೊಟ್ಟವರು ಯಾರು ಅಂತ ಯಾರೂ ಬರೆಯುವುದಿಲ್ಲ. ನಾನು ಮಾಡಿದ್ದು ಆ ಕೆಲಸ. ಅದರ ಬಗ್ಗೆಯೇ ಬರೆಯುತ್ತೇನೆ.

ನನ್ನ ಊರು ಶಿರಸಿ ಕಡೆ. ಸಿಡ್ನಿಗೆ ಬಂದದ್ದು 2019ರಲ್ಲಿ, ಕಂಪನಿ ಕೊಡಿಸಿದ ತಾತ್ಕಾಲಿಕ ವೀಸಾದ ಮೇಲೆ. ಬಂದ ವರ್ಷವೇ ಇಲ್ಲಿ ದೊಡ್ಡ ಕಾಡ್ಗಿಚ್ಚು. ಡಿಸೆಂಬರ್‌ನಲ್ಲಿ ನಗರದ ಮೇಲೆಲ್ಲ ಹೊಗೆ. ಹೊರಗೆ ಬಟ್ಟೆ ಒಣಹಾಕುವ ಹಾಗಿರಲಿಲ್ಲ. ಕೊರೊನಾ ಬರುವ ಮೊದಲೇ ನಮ್ಮ ಮನೆಗೆ ಮಾಸ್ಕ್ ಬಂದಿತ್ತು. ಆಗ ಆಫೀಸಿನ ಗೆಳತಿಯೊಬ್ಬಳು ನ್ಯೂಕ್ಯಾಸಲ್ ಬಂದರಿನ ವಿಷಯ ಹೇಳಿದಳು.

ನ್ಯೂಕ್ಯಾಸಲ್ ಸಿಡ್ನಿಯಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್. ಒಳ್ಳೆಯ ಊರು, ಸಮುದ್ರ ಇದೆ, ಲೈಟ್‌ಹೌಸ್ ಇದೆ. ಜೊತೆಗೆ ಜಗತ್ತಿನ ಅತಿ ದೊಡ್ಡ ಕಲ್ಲಿದ್ದಲು ಬಂದರೂ ಅಲ್ಲೇ ಇದೆ. ಹಂಟರ್ ಕಣಿವೆಯ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಅಲ್ಲಿಂದ ಹಡಗು ತುಂಬಿ ಜಪಾನ್, ಚೀನಾ, ತೈವಾನ್, ದಕ್ಷಿಣ ಕೊರಿಯಾಕ್ಕೆ ಹೋಗುತ್ತದೆ. ಇಲ್ಲಿಂದ ಮೊದಲ ಸಲ ಕಲ್ಲಿದ್ದಲು ರಫ್ತಾದದ್ದು 1799ರಲ್ಲಿ. ಎಲ್ಲಿಗೆ ಗೊತ್ತಾ? ಬಂಗಾಳಕ್ಕೆ. ಇದು ನಮಗೆ ಸಂಬಂಧವಿಲ್ಲದ ಊರು ಅಂತ ಯಾರಾದರೂ ಹೇಳಿದರೆ ನಾನು ಇದನ್ನು ಹೇಳುತ್ತೇನೆ.

ಒಂದು ಟನ್ ಕಲ್ಲಿದ್ದಲು ಸುಟ್ಟರೆ ಸುಮಾರು ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆದರೆ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಅದು ಸುಟ್ಟ ದೇಶದ ಪಾಲಿಗೆ ಹೋಗುತ್ತದೆ, ಅಗೆದು ಮಾರಿದ ದೇಶದ ಪಾಲಿಗಲ್ಲ. ಹಾಗಾಗಿ ಆಸ್ಟ್ರೇಲಿಯಾ ಮನೆ ಮನೆಗೆ ಸೋಲಾರ್ ಹಾಕಿಸಿ, ಹಡಗಿನಲ್ಲಿ ಕಲ್ಲಿದ್ದಲು ಕಳಿಸಿ, ತನ್ನ ಲೆಕ್ಕದ ಪುಸ್ತಕ ಚೊಕ್ಕವಾಗಿ ಇಟ್ಟುಕೊಳ್ಳಬಹುದು. ನನಗೆ ಸಿಟ್ಟು ಬಂದದ್ದು ಇಲ್ಲಿ.

ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಹಾಕಿದಾಗ ಬಂದ ಮೊದಲ ಉತ್ತರ, "ರಾಯಚೂರಲ್ಲಿ ಸುಡೋದು ಕಾಣಲ್ವಾ ಮೇಡಂ?" ಕಾಣುತ್ತದೆ. ರಾಯಚೂರು, ಬಳ್ಳಾರಿ ಎರಡೂ ಸೇರಿದರೆ 3,400 ಮೆಗಾವ್ಯಾಟ್‌ಗಿಂತ ಜಾಸ್ತಿ ಸಾಮರ್ಥ್ಯ. ಬೆಂಗಳೂರಿನಲ್ಲಿದ್ದಾಗ ನನ್ನ ಫ್ಯಾನ್ ತಿರುಗಿದ್ದೂ ಅದರಲ್ಲೇ. ಆದರೆ ನಾನು ಈಗ ತೆರಿಗೆ ಕಟ್ಟುತ್ತಿರುವುದು ಇಲ್ಲಿ. ಇಲ್ಲಿಯ ಸರ್ಕಾರ ಇನ್ನೂ ಹೊಸ ಗಣಿಗಳಿಗೆ ಒಪ್ಪಿಗೆ ಕೊಡುತ್ತಿದೆ. ಇದ್ದಲ್ಲಿ ಕೇಳದೆ ಎಲ್ಲಿ ಕೇಳಲಿ?

ಕಯಾಕ್ ಅಂದರೆ ಹುಟ್ಟು ಹಾಕುವ ಸಣ್ಣ ದೋಣಿ. ಅದರಲ್ಲಿ ಕೂತು ಈ ಬಂದರಿನ ಹಡಗಿನ ದಾರಿ ತಡೆಯೋಣ ಅಂತ ಕರೆ ಕೊಟ್ಟಿದ್ದು ರೈಸಿಂಗ್ ಟೈಡ್ ಅನ್ನುವ ಸಂಘಟನೆ. ಅವರು ಕೇಳುವುದು: ಹೊಸ ಗಣಿ ಬೇಡ, 2030ರೊಳಗೆ ಈ ಬಂದರಿನ ಕಲ್ಲಿದ್ದಲು ರಫ್ತು ನಿಲ್ಲಬೇಕು, ರಫ್ತಿನ ಲಾಭಕ್ಕೆ ಭಾರಿ ತೆರಿಗೆ ಹಾಕಿ ಆ ದುಡ್ಡಿನಲ್ಲಿ ಗಣಿ ಕೆಲಸಗಾರರಿಗೆ ಬೇರೆ ದಾರಿ ಮಾಡಿಕೊಡಬೇಕು. ಈ ಕೊನೆಯದು ಇಲ್ಲದಿದ್ದರೆ ನಾನು ಹೋಗುತ್ತಿರಲಿಲ್ಲ. ನ್ಯೂಕ್ಯಾಸಲ್‌ನಲ್ಲಿ ಎಷ್ಟೋ ಮನೆಯ ಅನ್ನ ಗಣಿಯಿಂದ ಬರುತ್ತದೆ. ಅವರನ್ನು ಬೈದು ಮಾಡುವ ಚಳವಳಿ ನನಗೆ ಬೇಡ.

ಇನ್ನು ಕಾನೂನಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸಿಡ್ನಿ, ನ್ಯೂಕ್ಯಾಸಲ್ ಎರಡೂ ಇರುವ ರಾಜ್ಯ ನ್ಯೂ ಸೌತ್ ವೇಲ್ಸ್‌ನಲ್ಲಿ ಪ್ರತಿಭಟನೆ ಮಾಡುವವರು ಪೊಲೀಸರಿಗೆ "ಫಾರ್ಮ್ 1" ಅಂತ ಒಂದು ನೋಟಿಸ್ ಕೊಡುತ್ತಾರೆ. ಇಂಥ ದಿನ, ಇಂಥ ಜಾಗ, ಇಷ್ಟು ಹೊತ್ತು ಅಂತ. ಏಳು ದಿನ ಮೊದಲೇ ಕೊಟ್ಟು, ಪೊಲೀಸರು ಒಪ್ಪಿದರೆ, ಆ ಹೊತ್ತಿನಲ್ಲಿ ದಾರಿಗೆ ಅಡ್ಡ ನಿಂತಿದ್ದಕ್ಕೆ ನಮ್ಮ ಮೇಲೆ ಕೇಸ್ ಹಾಕುವಂತಿಲ್ಲ. ಒಪ್ಪದಿದ್ದರೆ ಅವರು ಕೋರ್ಟಿಗೆ ಹೋಗಬೇಕು. 2023ರಲ್ಲಿ ಪೊಲೀಸರು ಒಪ್ಪಿದರು. ನವೆಂಬರ್ 25ರ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 4ರ ತನಕ, ಒಟ್ಟು 30 ಗಂಟೆ. ಅಷ್ಟು ಹೊತ್ತು ಹಡಗಿನ ದಾರಿಯಲ್ಲಿ ಕಯಾಕ್ ಹಾಕಿಕೊಂಡು ಕೂತರೂ ಅದು ಕಾನೂನಿನ ಒಳಗೇ. ನಾಲ್ಕು ಗಂಟೆ ಒಂದು ನಿಮಿಷಕ್ಕೆ ಅದೇ ನೀರು, ಅದೇ ಕಯಾಕ್, ಅದೇ ಮನುಷ್ಯ, ಆದರೆ ಅಪರಾಧ.

ಇನ್ನೊಂದು ಕಡೆ 2022ರ ಏಪ್ರಿಲ್‌ನಲ್ಲಿ ತಂದ ತಿದ್ದುಪಡಿ ಇತ್ತು. ಬಂದರು, ರೈಲು ನಿಲ್ದಾಣದಂಥ ದೊಡ್ಡ ಜಾಗಗಳ ಕೆಲಸಕ್ಕೆ ಅಡ್ಡಿ ಮಾಡಿದರೆ 22,000 ಡಾಲರ್ ತನಕ ದಂಡ, ಎರಡು ವರ್ಷದ ತನಕ ಜೈಲು. ಅದೇ ತಿಂಗಳು ಸಿಡ್ನಿ ಹಾರ್ಬರ್ ಬ್ರಿಡ್ಜ್‌ನ ಒಂದು ಲೇನ್ ತಡೆದ ಹವಾಮಾನ ಹೋರಾಟಗಾರ್ತಿ ವಯಲೆಟ್ ಕೋಕೋಗೆ ಮೊದಲು 15 ತಿಂಗಳ ಜೈಲು ಶಿಕ್ಷೆ ಆಗಿತ್ತು. ಮೇಲ್ಮನವಿಯಲ್ಲಿ ಅದು ರದ್ದಾಯಿತು. ಅವರು ಆಂಬುಲೆನ್ಸ್‌ಗೆ ಅಡ್ಡಿ ಮಾಡಿದರು ಅಂತ ಮೊದಲು ಹೇಳಿದ್ದೇ ಸುಳ್ಳು ಅಂತ ಆಮೇಲೆ ಗೊತ್ತಾಯಿತು. ರದ್ದಾಯಿತು ಸರಿ, ಆದರೆ ಹೆದರಿಕೆ ಹಾಗೇ ಉಳಿಯಿತಲ್ಲ!

ಈ ಪ್ರತಿಭಟನೆಯ ತರಬೇತಿಗೆ ಹೋದಾಗ ಮೊದಲು ಕೇಳಿದ ಪ್ರಶ್ನೆಯೇ "ನಿಮ್ಮ ವೀಸಾ ಯಾವುದು?" ಅಂತ. ಹೆಸರು ಕೇಳಿದ್ದು ಆಮೇಲೆ. ವಕೀಲರೊಬ್ಬರು ನಮ್ಮಂಥವರನ್ನು ಪಕ್ಕಕ್ಕೆ ಕರೆದು ಕೂರಿಸಿ ನೇರವಾಗಿ ಹೇಳಿದರು. ಇಲ್ಲಿಯ ಪ್ರಜೆಗಳಿಗೆ ಬಂಧನ ಅಂದರೆ ಒಂದು ಕೋರ್ಟ್ ಕೇಸ್. ತಾತ್ಕಾಲಿಕ ವೀಸಾದವರಿಗೆ ಅದರ ಮೇಲೆ ಇನ್ನೊಂದು ಕೇಸ್, ವಲಸೆ ಇಲಾಖೆಯದು. ವಲಸೆ ಕಾನೂನಿನಲ್ಲಿ ನಡತೆಯ ಪರೀಕ್ಷೆ ಅಂತ ಇದೆ. ನನ್ನ ವೀಸಾ ಹೋದರೆ ಅದಕ್ಕೆ ಜೋಡಿಸಿಕೊಂಡಿರುವ ಗಂಡನದ್ದೂ ಹೋಗುತ್ತದೆ.

ನನಗೆ ಆಗ ನೆನಪಾದದ್ದು ನಮ್ಮ ಜಿಲ್ಲೆಯ ಕರನಿರಾಕರಣೆ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದರು, ಅದು ಶಾಲೆಯ ಪುಸ್ತಕದಲ್ಲೇ ಇತ್ತು. ಆಮೇಲೆ ಅಂಕೋಲೆ, ಸಿದ್ದಾಪುರದ ರೈತರು ಭೂಕಂದಾಯ ಕಟ್ಟುವುದಿಲ್ಲ ಅಂದಾಗ ಸರ್ಕಾರ ಅವರ ಮನೆ, ಜಮೀನು ಜಪ್ತಿ ಮಾಡಿ ಹರಾಜು ಹಾಕಿತು. ಕಟ್ಟುವುದಿಲ್ಲ ಅಂದದ್ದು ಮನೆಯ ಗಂಡಸು ಇರಬಹುದು, ಬೀದಿಗೆ ಬಿದ್ದದ್ದು ಇಡೀ ಮನೆ. ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಉಪವಾಸ ಕೂತವರು ಹೆಂಗಸರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕ ಇದೆ. ಜೋಗಕ್ಕೆ ಹೋಗುವವರು ಆ ದಾರಿಯಲ್ಲೇ ಹೋಗುತ್ತಾರೆ, ನಿಲ್ಲಿಸಿ ನೋಡುವವರು ಕಡಿಮೆ.

ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ 1983ರ ಅಪ್ಪಿಕೋ ಬಗ್ಗೆ, ಸಾಲ್ಕಣಿಯವರು ಕಳಸೆ ಕಾಡಿನಲ್ಲಿ ಮರ ತಬ್ಬಿ ನಿಂತದ್ದರ ಬಗ್ಗೆ, ಮನೆಗೆ ಬಂದವರಿಗೆಲ್ಲ ಹೇಳುವ ಜನ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, "ಎಲ್ಲಾ ಸರಿ ಕೂಸೇ, ವೀಸಾ ಹೋದ್ರೆ ಎಂತ ಮಾಡ್ತೆ?" ಅಂದರು. ಊರಿನ ಮರ ಬೇರೆ, ಮಗಳ ವೀಸಾ ಬೇರೆ.

ಹಾಗಾಗಿ ನಾನು ಒಂದು ಗೆರೆ ಹಾಕಿಕೊಂಡೆ. ಅನುಮತಿ ಇರುವ ಹೊತ್ತಿನಲ್ಲಿ ನೀರಿಗಿಳಿಯುತ್ತೇನೆ. ನಾಲ್ಕು ಗಂಟೆಯೊಳಗೆ ದಡಕ್ಕೆ ಬರುತ್ತೇನೆ. ಆಮೇಲೆ ಒಳಗೆ ಹೋದವರ ಜವಾಬ್ದಾರಿ ನನ್ನದು.

ತರಬೇತಿಯಲ್ಲಿ ಅರ್ಧ ಜನ ಪೊಲೀಸರಾಗುತ್ತಾರೆ, ಅರ್ಧ ಜನ ಕೂತುಕೊಳ್ಳುತ್ತಾರೆ. ಕಿರುಚುವುದು, ಎಳೆಯುವುದು, ಅವಾಚ್ಯ ಬೈಯುವುದು ಎಲ್ಲಾ ಮಾಡುತ್ತಾರೆ. ಪೊಲೀಸ್ ಪಾತ್ರದಲ್ಲಿ ನನಗೆ ಎಷ್ಟು ಬೇಗ ಸಿಟ್ಟು ಬಂತು ಅಂದರೆ ನನಗೇ ಆಶ್ಚರ್ಯ. ಎದುರಿಗಿರುವವರು ಕೈ ಅಲ್ಲಾಡಿಸದೆ ಮೆತ್ತಗೆ ಮಾತಾಡುತ್ತಿದ್ದರೆ ಸಿಟ್ಟು ತಾನಾಗಿ ಇಳಿಯುತ್ತದೆ ಅನ್ನುವುದೂ ಅಲ್ಲೇ ಗೊತ್ತಾಯಿತು. ಅಹಿಂಸೆ ಬಗ್ಗೆ ನಾವು ಊರಲ್ಲಿ ಎಷ್ಟೊಂದು ಭಾಷಣ ಕೇಳಿದ್ದೇವೆ. ಅದನ್ನು ಯೋಗಾಸನದ ಹಾಗೆ ದಿನವೂ ಮಾಡಿ ಮಾಡಿ ಮೈಗೆ ರೂಢಿಸಬೇಕು ಅಂತ ಒಬ್ಬ ಮೇಷ್ಟ್ರೂ ಹೇಳಿರಲಿಲ್ಲ.

ಸಭೆಗಳು ಮಾತ್ರ ಉದ್ದ. ಎಲ್ಲರೂ ಒಪ್ಪುವ ತನಕ ಮುಗಿಯುವುದಿಲ್ಲ. ಒಪ್ಪಿಗೆ ಅಂದರೆ ಎರಡೂ ಕೈ ಮೇಲೆತ್ತಿ ಬೆರಳು ಆಡಿಸಬೇಕು. ಚಪ್ಪಾಳೆ ಹೊಡೆದರೆ ಮಾತಿಗೆ ಅಡ್ಡ ಅಂತೆ. ನಗು ತಡೆಯಲು ಕಷ್ಟ ಆಯಿತು.

ಬಂಧನಕ್ಕೆ ತಯಾರಿದ್ದವರಿಂದ ನಾವು ಒಂದು ಹಾಳೆ ತುಂಬಿಸಿಕೊಂಡೆವು. ಹೆಸರು, ಮನೆಯಲ್ಲಿ ಯಾರಿಗೆ ಫೋನ್ ಮಾಡಬೇಕು, ದಿನಾ ತಗೊಳ್ಳುವ ಮಾತ್ರೆ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ನಾಯಿಗೆ ಊಟ ಯಾರು ಹಾಕುತ್ತಾರೆ. ನಾಯಿಯ ಸಾಲನ್ನು ಸೇರಿಸಿದ್ದು ಹಳಬರು. ಠಾಣೆಯಲ್ಲಿ ಕೂತವರು ಹೆಚ್ಚಾಗಿ ಚಿಂತೆ ಮಾಡುವುದು ಅದರದ್ದೇ ಅಂತೆ. ಎಲ್ಲವೂ ಕಾಗದದ ಮೇಲೆ, ಪೆನ್ನಿನಲ್ಲಿ. ಫೋನ್ ನೀರಿಗೆ ಬೀಳಬಹುದು, ಚಾರ್ಜ್ ಹೋಗಬಹುದು. ವಕೀಲರ ನಂಬರನ್ನು ಮುಂಗೈ ಮೇಲೆ ಅಳಿಸದ ಮಾರ್ಕರ್‌ನಲ್ಲಿ ಬರೆದೆವು. ಸನ್‌ಸ್ಕ್ರೀನ್ ಹಚ್ಚುವ ಮೊದಲು ಬರೆಯಬೇಕು, ಹಚ್ಚಿದ ಮೇಲೆ ಶಾಯಿ ಹಿಡಿಯುವುದಿಲ್ಲ. ಪ್ರತಿಯೊಬ್ಬರ ಚೀಲಕ್ಕೂ ಚೀಟಿ. ಒಳಗೆ ಒಣ ಬಟ್ಟೆ, ಚಪ್ಪಲಿ, ಕಾರಿನ ಕೀ.

ಶನಿವಾರ ಹಾರ್ಸ್‌ಶೂ ಬೀಚ್‌ನಿಂದ ನಾನೂ ಕಯಾಕ್ ಇಳಿಸಿದೆ. ಊರಿನ ಹೊಳೆಯಲ್ಲಿ ಈಜಿ ಗೊತ್ತಿತ್ತು, ಹುಟ್ಟು ಹಾಕಿದ್ದು ಇಲ್ಲಿಗೆ ಬಂದಮೇಲೆ. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಬಿಡುತ್ತಿರಲಿಲ್ಲ. ಜೋಡಿ ಇಲ್ಲದೆಯೂ ಬಿಡುತ್ತಿರಲಿಲ್ಲ. ಕಯಾಕ್, ತೆಪ್ಪ, ಗಾಳಿ ತುಂಬಿದ ಹಾಸಿಗೆ, ಮನೆಯಲ್ಲೇ ಡ್ರಮ್ ಕಟ್ಟಿ ಮಾಡಿದ ದೋಣಿ, ಏನೇನೋ ಇದ್ದವು. ಕಲ್ಲಿದ್ದಲು ಹಡಗು ಅಂದರೆ ಬ್ರೇಕ್ ಹಾಕಿದ ತಕ್ಷಣ ನಿಲ್ಲುವ ಗಾಡಿಯಲ್ಲ. ಬಂದರಿನ ಪೈಲಟ್ ಹೆಲಿಕಾಪ್ಟರ್‌ನಲ್ಲಿ ಹೋಗಿ ಹಡಗಿಗೆ ಇಳಿಯುತ್ತಾರೆ, ಟಗ್ ದೋಣಿಗಳು ಎಳೆದು ಒಳಗೆ ತರುತ್ತವೆ. ಹಾಗಾಗಿ ಚಲಿಸುವ ಹಡಗಿನ ಎದುರು ಹಾರುವುದಲ್ಲ ಇದು. ದಾರಿಯಲ್ಲಿ ಜನ ಇದ್ದಾರೆ ಅಂತ ಮೊದಲೇ ಗೊತ್ತಿದ್ದರೆ ಹಡಗನ್ನು ಒಳಗೆ ಕರೆಯುವುದೇ ಇಲ್ಲ. 30 ಗಂಟೆಯಲ್ಲಿ ಐದು ಲಕ್ಷ ಟನ್‌ಗಿಂತ ಜಾಸ್ತಿ ಕಲ್ಲಿದ್ದಲು ಹೊರಡಲಿಲ್ಲ ಅಂತ ಸಂಘಟಕರ ಲೆಕ್ಕ. ಅದು ಆಮೇಲೆ ಹೋಗಿಯೇ ಹೋಯಿತು, ನನಗೇನೂ ಭ್ರಮೆ ಇಲ್ಲ.

ನೀರಿನ ಮೇಲೆ ಸಂಭ್ರಮ ಜಾಸ್ತಿ, ಕೆಲಸ ಕಡಿಮೆ. ದಡದಲ್ಲಿ ತಿರುಗಾಮುರುಗ. ಸಾವಿರಾರು ಜನರಿಗೆ ಅಡುಗೆ, ನೀರು, ಶೌಚಾಲಯ, ಬಿಸಿಲಿಗೆ ತಲೆಸುತ್ತಿದವರು. ಈರುಳ್ಳಿ ಹೆಚ್ಚುವ ಸಾಲಿನಲ್ಲಿ ನನ್ನ ಪಕ್ಕ ಇದ್ದವರು ಹಿಂದೆ ಗಣಿಯಲ್ಲಿ ಕೆಲಸ ಮಾಡಿದವರು. ಭಾಷಣಗಳಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ವಿಷಯ ಅವರಿಂದ ಗೊತ್ತಾಯಿತು. ಗಣಿ ಮುಚ್ಚುವುದು ಅವರಿಗೂ ಗೊತ್ತು. ದಿನಾಂಕ ಯಾರೂ ಹೇಳುತ್ತಿಲ್ಲ, ಅದೇ ಅವರ ಸಿಟ್ಟು.

ಭಾನುವಾರ ನಾಲ್ಕು ಗಂಟೆಗೆ ಮೊದಲು ನಾನು ದಡಕ್ಕೆ ಬಂದೆ. ನೂರಕ್ಕೂ ಹೆಚ್ಚು ಜನ ನೀರಿನಲ್ಲೇ ಉಳಿದರು. ಪೊಲೀಸ್ ದೋಣಿಗಳು ಒಬ್ಬೊಬ್ಬರನ್ನೇ ಎತ್ತಿಕೊಂಡವು. ನಾವು ದಡದಲ್ಲಿ ನಿಂತು ಹಾಳೆ ನೋಡಿ ಹೆಸರಿಗೆ ಗುರುತು ಹಾಕಿಕೊಳ್ಳುತ್ತಿದ್ದೆವು. ಒಟ್ಟು 109 ಮಂದಿ. ಅವರಲ್ಲಿ 97 ವರ್ಷದ ನಿವೃತ್ತ ಪಾದ್ರಿಯೊಬ್ಬರೂ ಇದ್ದರು.

ನನ್ನ ನಿಜವಾದ ಪಾಳಿ ಆಮೇಲೆ. ಠಾಣೆಯ ಹೊರಗೆ ಚೀಲಗಳ ರಾಶಿ ಇಟ್ಟುಕೊಂಡು ಕೂರುವುದು. ಜಾಮೀನಿನ ಮೇಲೆ ಒಬ್ಬೊಬ್ಬರೇ ಹೊರಗೆ ಬರುತ್ತಾರೆ. ಒದ್ದೆ ಬಟ್ಟೆ, ಚಳಿ, ಹಸಿವು, ಮಾತು ಮಾತ್ರ ನಿಲ್ಲುವುದಿಲ್ಲ. ಕೆಲವರು ಅಳುತ್ತಾರೆ. ಮೊದಲು ಟವೆಲ್, ಆಮೇಲೆ ಊಟ, ಆಮೇಲೆ ಜಾಮೀನಿನ ಕಾಗದ. ಈ ಕ್ರಮ ತಪ್ಪಬಾರದು. ಹಸಿದವರು ಷರತ್ತು ಓದುವುದಿಲ್ಲ, ಸುಮ್ನೆ ತಲೆ ಅಲ್ಲಾಡಿಸುತ್ತಾರೆ. ಬಂದರಿನ ಹತ್ತಿರ ಬರಬಾರದು ಅಂತ ಷರತ್ತು ಇದ್ದು, ಕಾರು ಅಲ್ಲೇ ನಿಲ್ಲಿಸಿದ್ದರೆ, ಬೇರೆಯವರು ಹೋಗಿ ತರಬೇಕು. ಅದಕ್ಕೇ ಕೀ ನಮ್ಮ ಹತ್ತಿರ.

ಊಟಕ್ಕೆ ನಾನು ಪುಳಿಯೋಗರೆ ಮಾಡಿಕೊಂಡು ಹೋಗಿದ್ದೆ. ಹಳಸುವುದಿಲ್ಲ, ತಣ್ಣಗಾದರೂ ತಿನ್ನಬಹುದು, ಹಾಲು ಬೆಣ್ಣೆ ಇಲ್ಲ. ಇವರಲ್ಲಿ ಬಹಳ ಜನ ಹಾಲನ್ನೂ ಮುಟ್ಟುವುದಿಲ್ಲ. ಮಧ್ಯರಾತ್ರಿ ಹೊತ್ತಿಗೆ ಡ್ಯೂಟಿ ಮುಗಿಸಿ ಹೊರಟ ಪೊಲೀಸಮ್ಮ ಒಬ್ಬಳು ವಾಸನೆಗೆ ನಿಂತು, ಏನಿದು ಅಂತ ಕೇಳಿ ಒಂದು ಪ್ಲೇಟ್ ತಗೊಂಡು ಹೋದಳು. ನಮ್ಮಲ್ಲಿ ಒಬ್ಬರಿಗೆ ಅದು ಸರಿ ಕಾಣಲಿಲ್ಲ. ನನಗೆ ಸರಿ ಕಂಡಿತು. ಅವಳೂ ಬೆಳಿಗ್ಗೆಯಿಂದ ನಿಂತಿದ್ದಳು.

ಕೋರ್ಟಿನ ಕೆಲಸ ತಿಂಗಳುಗಟ್ಟಲೆ ನಡೆಯಿತು. ತಾರೀಖು ನೆನಪಿಸುವುದು, ಜೊತೆಗೆ ಹೋಗುವುದು, ನಡತೆಯ ಬಗ್ಗೆ ಪತ್ರ ಬರೆಸುವುದು. ಇಲ್ಲಿ ಸೆಕ್ಷನ್ 10 ಅಂತ ಇದೆ. ತಪ್ಪು ಮಾಡಿದ್ದಾರೆ ಅಂತ ಒಪ್ಪಿಯೂ ನ್ಯಾಯಾಧೀಶರು ಅಪರಾಧವನ್ನು ದಾಖಲೆಗೆ ಸೇರಿಸದೆ ಬಿಡಬಹುದು. ಕೆಲಸ, ಮಕ್ಕಳು ಇರುವವರಿಗೆ ಅದು ಬಹಳ ಮುಖ್ಯ. ಅದೇ ಡಿಸೆಂಬರ್‌ನಲ್ಲಿ ನಿಟ್ಟಿಂಗ್ ನ್ಯಾನಾಸ್ ಅನ್ನುವ ಗುಂಪಿನ ಇಬ್ಬರು ಹೆಂಗಸರು ಹಾಕಿದ್ದ ಕೇಸಿನಲ್ಲಿ, 2022ರ ತಿದ್ದುಪಡಿಯ ಕೆಲವು ಭಾಗಗಳು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲಿ ಸುಪ್ರೀಂ ಕೋರ್ಟ್ ಅಂದರೆ ರಾಜ್ಯದ್ದು, ನಮ್ಮ ಹೈಕೋರ್ಟ್ ಇದ್ದ ಹಾಗೆ. ಪ್ರತಿಭಟನೆಯಲ್ಲಿ ಕೂತು ನೂಲು ಹೆಣೆಯುವ ಅಜ್ಜಿಯರು ಇವರು.

2024ರಲ್ಲಿ ಪೊಲೀಸರು ಒಪ್ಪಲಿಲ್ಲ. ಕೋರ್ಟಿಗೆ ಹೋಗಿ ಗೆದ್ದರು. ಅದರ ಮೇಲೆ ಸರ್ಕಾರ ಬಂದರಿನ ನೀರಿಗೆ ಯಾರೂ ಇಳಿಯಬಾರದು ಅಂತ ಆದೇಶ ಹೊರಡಿಸಿತು. ನವೆಂಬರ್ 21ರಂದು, ಕಾರ್ಯಕ್ರಮ ಇನ್ನೇನು ಶುರು ಅನ್ನುವಾಗ, ಕೋರ್ಟ್ ಆ ಆದೇಶವನ್ನು ಅಸಿಂಧು ಮಾಡಿತು. ಫಾರ್ಮ್ 1ರ ರಕ್ಷಣೆ ಇಲ್ಲದ ಆ ವಾರಾಂತ್ಯದಲ್ಲಿ 170 ಮಂದಿ ಬಂಧನಕ್ಕೊಳಗಾದರು. ನಾನು ಆ ಸಲ ಕಯಾಕ್ ಮುಟ್ಟಲೇ ಇಲ್ಲ. ಚೀಲ, ಹಾಳೆ, ಟವೆಲ್, ಅಷ್ಟೇ.

ಆಮೇಲೆ ನಮಗೆ ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ವೀಸಾ, ಬಂತು. ಗೆಳತಿಯರು, ಇನ್ನೇನು ನೀನೂ ನೀರಿಗಿಳಿ ಅಂದರು. ಪೌರತ್ವದ ಅರ್ಜಿಯಲ್ಲೂ ನಡತೆಯ ಪ್ರಶ್ನೆ ಇದೆ. ಅದು ಮುಗಿಯುವ ತನಕ ನಾನು ದಡದಲ್ಲೇ. ತರಬೇತಿಗೆ ಬರುವ ನಮ್ಮ ದೇಶದ ಹುಡುಗ ಹುಡುಗಿಯರು ಈಗ ಜಾಸ್ತಿ. ಅವರನ್ನು ಪಕ್ಕಕ್ಕೆ ಕರೆದು ಕೂರಿಸಿ ವೀಸಾ ಯಾವುದು ಅಂತ ಕೇಳುವ ಕೆಲಸ ಈಗ ನನ್ನದು. ಉತ್ಸಾಹದಲ್ಲಿ ಬಂದವರ ಮುಖ ಸಪ್ಪಗಾಗುತ್ತದೆ. ಆಗ ಹಾಳೆ ಕೈಗೆ ಕೊಟ್ಟು, ನಾಯಿಯ ಸಾಲಿನಿಂದ ಶುರು ಮಾಡುತ್ತೇನೆ.