ಉಗಿಬಂಡಿ ನೋಡಲು ಹೊರಟವರಿಗೆ

ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ಮನೆಯಲ್ಲಿ ದುಡಿದವನು ನಾನು. ಕಬ್ಬಿನ ರಚ್ಚು ಉರಿದು ನೀರು ಹಬೆಯಾಗುವುದನ್ನು ನೋಡುತ್ತಲೇ ತಲೆ ನರೆಯಿತು. ಆದರೂ ಉಗಿಬಂಡಿ ಕಂಡರೆ ಕಾಲು ಅಲ್ಲೇ ನಿಂತುಬಿಡುತ್ತದೆ. ಕಾರ್ಖಾನೆಯಲ್ಲಿ ಹಬೆಯ ಬಲಕ್ಕೆ ತಿರುಗುವ ಟರ್ಬೈನ್ ತನ್ನ ಕೆಲಸವನ್ನೆಲ್ಲ ಕವಚದೊಳಗೇ ಮುಗಿಸುತ್ತದೆ. ಉಗಿಬಂಡಿಯಲ್ಲಿ ಹಾಗಲ್ಲ, ಬೆಂಕಿಯ ಬಲ ಗಾಲಿಗೆ ಮುಟ್ಟುವ ದಾರಿ ಕಣ್ಣಿಗೇ ಕಾಣುತ್ತದೆ. ಆ ದಾರಿ ಹಿಡಿದು ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಮೊದಲು ಮೈಸೂರಿನ ಕೆ.ಆರ್.ಎಸ್. ರಸ್ತೆಯ ರೈಲು ಮ್ಯೂಸಿಯಂಗೆ ಹೋಗಿ. 1979ರಲ್ಲಿ ಶುರುವಾದದ್ದು. ಅಲ್ಲಿನ ಉಗಿ ಎಂಜಿನ್ನುಗಳು ನಿಂತೇ ಇರುವುದು ಕಲಿಯುವವರಿಗೆ ಅನುಕೂಲ. ಮಹಾರಾಣಿಯವರ ಸಲೂನ್ ಬೋಗಿಯನ್ನು ಆಮೇಲೆ ನೋಡಿ. ಎಂಜಿನ್ನಿನ ಪಕ್ಕ ನಿಂತು ಸಿಲಿಂಡರ್ ಹುಡುಕಿ, ಹಬೆ ನುಗ್ಗಿ ಒಳಗಿನ ಪಿಸ್ಟನ್ ಬಿಲ್ಲೆಯನ್ನು ತಳ್ಳುವ ಉರುಳೆ ಅದು. ಅದರಿಂದ ಹೊರಬರುವ ಪಿಸ್ಟನ್ ರಾಡು, ಅದರ ತುದಿಗೆ ಹಿಂದೆ ಮುಂದೆ ಜಾರುವ ಕ್ರಾಸ್‌ಹೆಡ್, ಅಲ್ಲಿಂದ ಗಾಲಿಗೆ ಕನೆಕ್ಟಿಂಗ್ ರಾಡು, ಗಾಲಿಗಳನ್ನು ಒಂದಕ್ಕೊಂದು ಬೆಸೆಯುವ ಕಪ್ಲಿಂಗ್ ರಾಡು. ಈ ಸಾಲು ಬಾಯಿಗೆ ಬರಲಿ. ಮಕ್ಕಳು ಜೊತೆಗಿದ್ದರೆ ಅವರಿಂದಲೇ ಹೇಳಿಸಿ.

ಓಡುವ ಎಂಜಿನ್ ನೋಡಲು ಊಟಿ ದಾಟಿ ಕೂನೂರಿಗೆ ಹೋಗಬೇಕು. ಮೆಟ್ಟುಪಾಳ್ಯಂ–ಕೂನೂರು ಘಟ್ಟದ ಹಳಿ 1899ರದು, ಉಗಿ ಎಂಜಿನ್ ಅಲ್ಲಿ ಇನ್ನೂ ದುಡಿಯುತ್ತಿದೆ. ಸುಮಾರು 12 ಅಡಿಗೆ ಒಂದಡಿ ಏರು ಇರುವುದರಿಂದ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ಎಂಜಿನ್ ಬೋಗಿಗಳನ್ನು ಹಿಂದಿನಿಂದ ತಳ್ಳಿಕೊಂಡು ಬರುತ್ತದೆ. ಪಕ್ಕದಲ್ಲಿ ಒಂದರ ಮೇಲೊಂದು ಸಿಲಿಂಡರ್ ಕಾಣುತ್ತದೆ: ಕೆಳಗಿನದು ಗಾಲಿಗೆ, ಮೇಲಿನದು ಆ ಪಟ್ಟಿಯನ್ನು ಕಚ್ಚುವ ಹಲ್ಲಿನ ಚಕ್ರಕ್ಕೆ. ಕೆಳಗೆ ದುಡಿದ ಹಬೆಯೇ ಮೇಲೆ ಹೋಗಿ ಮತ್ತೊಮ್ಮೆ ದುಡಿಯುತ್ತದೆ. ಎಂಥಾ ಬುದ್ಧಿವಂತಿಕೆ!

ಇನ್ನು ಕಿವಿ ಕೊಡಿ. ದುಡಿದು ಮುಗಿದ ಹಬೆ ಚಿಮಣಿಯಲ್ಲಿ ನುಗ್ಗುವ ಸದ್ದೇ ಆ 'ಛುಕ್'. ಹೋಗುವಾಗ ಹೊಗೆಯನ್ನೂ ಎಳೆದೊಯ್ಯುತ್ತದೆ, ಆಗ ಒಲೆಗೆ ಹೊಸ ಗಾಳಿ ನುಗ್ಗುತ್ತದೆ. ಏರಿನಲ್ಲಿ ಎಂಜಿನ್ ತಿಣುಕಿದಷ್ಟೂ ಬೆಂಕಿ ತಾನೇ ಜೋರಾಗುತ್ತದೆ. ನಮ್ಮ ಬಾಯ್ಲರಿಗೆ ಇದೇ ಕೆಲಸಕ್ಕೆ ದೊಡ್ಡ ಫ್ಯಾನು ಬೇಕಿತ್ತು.

ಒತ್ತಡ ಮೀರಿದಾಗ ಹಬೆಯನ್ನು ಹೊರಬಿಡುವ ಸೇಫ್ಟಿ ವಾಲ್ವ್ ಊದುವಾಗ ಅದರ ಬಾಯನ್ನೇ ನೋಡಿ. ಬಾಯಿಗೂ ಬಿಳಿ ಮೋಡಕ್ಕೂ ನಡುವೆ ಏನೂ ಇಲ್ಲದಂತೆ ಒಂದಿಷ್ಟು ಜಾಗ ಕಾಣುತ್ತದೆ. ನಿಜವಾದ ಹಬೆ ಇರುವುದು ಅಲ್ಲೇ. ಬಿಳಿಯದು ತಣಿದ ನೀರಿನ ಹನಿ. ಕಾಣದ ಆ ಹಬೆಯೇ ಮೈ ಸುಡುವುದು, ಆದ್ದರಿಂದ ಮಕ್ಕಳ ಕೈ ಬಿಡಬೇಡಿ.

ಡ್ರೈವರ್ ಬಿಡುವಾಗಿದ್ದರೆ ವಾಟರ್ ಗೇಜ್ ತೋರಿಸಲು ವಿನಯದಿಂದ ಕೇಳಿ. ಬಾಯ್ಲರಿನೊಳಗೆ ನೀರು ಎಷ್ಟಿದೆಯೆಂದು ಹೇಳುವುದು ಆ ಗಾಜಿನ ಕೊಳವೆ. ನೀರು ತೀರಾ ಇಳಿದರೆ ಒಲೆಯ ಮೇಲ್ಛಾವಣಿಯ ಲೋಹ ಕಾದು ಮೆತ್ತಗಾಗುತ್ತದೆ, ಬಾಯ್ಲರ್ ಸಿಡಿದು ಜೀವ ಹೋಗಬಹುದು. ಬಾಯ್ಲರ್ ಮನೆಯವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಗಾಡಿ ಬೆಳಗ್ಗೆಯೇ ಘಟ್ಟ ಹತ್ತುತ್ತದೆ. ಮೈಸೂರಿನಿಂದ ಊಟಿಗೆ ಹೋಗುವ ದಾರಿಯಲ್ಲಿ ಬಂಡೀಪುರ ಕಾಡಿನ ಗೇಟು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುವುದರಿಂದ ಹಿಂದಿನ ದಿನವೇ ಹೋಗಿ ಉಳಿಯಿರಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಗಾಡಿ ನಿಲ್ಲಿಸುವುದುಂಟು, ವಿಚಾರಿಸಿಕೊಂಡೇ ಹೊರಡಿ.