ಕೋಳಿ ಬುಟ್ಟಿಯಲ್ಲಿ ಬೆಂದ ಗಿಥೇರಿ

ಬುಟ್ಟಿಯಲ್ಲಿ ಕಾಳು ಬೇಯುತ್ತದೆ ಅಂದಾಗ ಕೀನ್ಯಾದ ಕಿಸುಮುವಿನಲ್ಲಿರುವ ನನ್ನ ಅಕ್ಕನ ಮಗ ನಕ್ಕ. ಮಕ್ಕಳ ಮನೆ ನೋಡಿಕೊಳ್ಳುವ ಪಾಸ್ಟರ್ ನಕ್ಕರು. ಅಡುಗೆಯ ಮಾಮಾ ಮಾತ್ರ ನಗಲಿಲ್ಲ. ನಾನು ತಂದಿಟ್ಟ ಬುಟ್ಟಿಯನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿ, ‘ಕಿಕಾಪು ನಿ ಚಾ ಕುಕು’ ಅಂದರು. ಬುಟ್ಟಿ ಇರೋದು ಕೋಳಿಗೆ ಅಂತ. (ಅಲ್ಲಿ ಮಾಮಾ ಅಂದರೆ ಅಮ್ಮ. ಮೊದಲ ವಾರ ಅವರನ್ನು ಹಾಗೆ ಕರೆಯುವಾಗ ನಮ್ಮ ಸೋದರಮಾವನ ಮೀಸೆಯೇ ಕಣ್ಣ ಮುಂದೆ ಬರುತ್ತಿತ್ತು.)

ತುಮಕೂರಿನ ಹಾಸ್ಟೆಲ್ ಅಡುಗೆಮನೆಯಲ್ಲಿ 22 ವರ್ಷ ಕಳೆದವನು ನಾನು. 2017ರ ಮಾರ್ಚ್‌ನಿಂದ ನವೆಂಬರ್‌ವರೆಗೆ ಪಶ್ಚಿಮ ಕೀನ್ಯಾದ ಒಂದು ಹಳ್ಳಿಯ ಅನಾಥಾಲಯದಲ್ಲಿದ್ದೆ. ಕಿಸುಮುವಿನಿಂದ ಮಸೇನೋ ದಾರಿಯಲ್ಲಿ ಹೋಗಿ, ಅಲ್ಲಿಂದ ಬೋಡಾಬೋಡಾ, ಅಂದರೆ ಬಾಡಿಗೆ ಬೈಕ್ ಹತ್ತಬೇಕು. ಮಕ್ಕಳು 62. ಹೆಸರಿಗೆ ಅನಾಥಾಲಯ, ಆದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಅಜ್ಜಿಯೋ ಚಿಕ್ಕಮ್ಮನೋ ಇದ್ದರು. ರಜೆಗೆ ಅಲ್ಲಿಗೆ ಹೋಗಿ ಬರುತ್ತಿದ್ದರು.

ನಿಜ ಹೇಳಬೇಕೆಂದರೆ ನಾನು ಹೋಗಿದ್ದು ಗಣಿತ ಹೇಳಿಕೊಡೋಕೆ. ಎರಡೇ ವಾರದಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಭಿನ್ನರಾಶಿ ತಿದ್ದಿದಳು. ಸುಮ್ನೆ ಅಡುಗೆಮನೆ ಸೇರಿಕೊಂಡೆ.

ದಿನ ಶುರುವಾಗೋದು ಬೆಳಗ್ಗೆ ನಾಲ್ಕೂವರೆಗೆ. ಸಮಭಾಜಕ ರೇಖೆ ಪಕ್ಕದಲ್ಲೇ ಹಾದುಹೋಗುವುದರಿಂದ ವರ್ಷವಿಡೀ ಆರೂವರೆಗೇ ಬೆಳಗಾಗೋದು. ಎರಡು ಗಂಟೆ ಕತ್ತಲಲ್ಲೇ ಕೆಲಸ. ದೊಡ್ಡ ಮಕ್ಕಳು ಹಳದಿ ಕ್ಯಾನ್‌ಗಳಲ್ಲಿ ನೀರು ತರುತ್ತಾರೆ, ಚಿಕ್ಕವರು ಅಂಗಳ ಗುಡಿಸುತ್ತಾರೆ. ಆರಕ್ಕೆ ಉಜಿ, ಅಂದರೆ ಗಂಜಿ. ಮಧ್ಯಾಹ್ನ ಗಿಥೇರಿ: ಒಣ ಜೋಳದ ಕಾಳು (ನಮ್ಮ ಮುಸುಕಿನ ಜೋಳ) ಮತ್ತು ಬೀನ್ಸ್ ಕಾಳು ಒಟ್ಟಿಗೆ ಬೇಯಿಸಿದ್ದು. ರಾತ್ರಿ ಉಗಾಲಿ, ಅಂದರೆ ಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸುಕುಮಾ ವಿಕಿ ಸೊಪ್ಪು. ಆ ಹೆಸರಿನ ಅರ್ಥವೇ ‘ವಾರ ತಳ್ಳು’ ಅಂತ. ದುಡ್ಡಿಲ್ಲದಾಗ ವಾರ ತಳ್ಳುವ ಸೊಪ್ಪು.

ಸೌದೆ ನುಂಗುತ್ತಿದ್ದುದು ಗಿಥೇರಿ. ಮೂರು ಕಲ್ಲಿನ ಒಲೆ ಮೇಲೆ ನಾಲ್ಕು ಗಂಟೆ. ಒಂದು ಪಿಕಪ್ ಸೌದೆಗೆ ಸುಮಾರು 3,500 ಶಿಲ್ಲಿಂಗ್, ಹತ್ತು ದಿನಕ್ಕೆ ಖಾಲಿ. ಆ ವರ್ಷ ಬರ ಬೇರೆ. ಎರಡು ಕಿಲೋ ಜೋಳದ ಹಿಟ್ಟು 150ರ ಹತ್ತಿರ ಹೋಗಿತ್ತು. ಮೇನಲ್ಲಿ ಸರ್ಕಾರ 90ಕ್ಕೆ ಇಳಿಸಿತು, ಆದರೆ ಅಂಗಡಿಗೆ ಬಂದ ಪ್ಯಾಕೆಟ್ ಸಿಗಬೇಕಲ್ಲ. ಮೊಟ್ಟೆ ತಿಂಗಳಿಗೊಂದು ಸಲ ಇದ್ದರೆ ಉಂಟು.

ಕುದಿಸಿ ಇಳಿಸಿದ ಪಾತ್ರೆಯನ್ನು ಬುಟ್ಟಿಯಲ್ಲಿ ಬೆಚ್ಚಗೆ ಸುತ್ತಿಟ್ಟರೆ ಒಳಗಿನ ಬಿಸಿಗೇ ಕಾಳು ತಾನೇ ಬೇಯುತ್ತದೆ. ಐದು ಲೀಟರಿಗೆ ಮಾಡೋದು ಆಟ. 40 ಲೀಟರಿನ ಸುಫುರಿಯಾಗೆ, ಅಂದರೆ ಅಲ್ಲಿನ ದೊಡ್ಡ ಪಾತ್ರೆಗೆ ಮಾಡೋದು ಬೇರೆ ಕಥೆ.

ಮೊದಲ ಬುಟ್ಟಿಗೆ ಒಣಹುಲ್ಲು ತುಂಬಿದೆ. ರಾತ್ರಿ ಒಂಬತ್ತಕ್ಕೆ ಒಳಗಿಟ್ಟು ಮಾರನೇ ದಿನ ಹನ್ನೆರಡಕ್ಕೆ ತೆಗೆದೆ. ಮುಚ್ಚಳ ಎತ್ತಿದ ಕೂಡಲೇ ಹುಳಿ ವಾಸನೆ. ಹನ್ನೊಂದು ಕಿಲೋ ಕಾಳು ಪಕ್ಕದ ಮನೆಯ ಹಂದಿಗೆ ಹೋಯಿತು. ಮಾಮಾ ಏನೂ ಹೇಳಲಿಲ್ಲ, ಅದೇ ಜಾಸ್ತಿ ನಾಚಿಕೆ.

ಎರಡನೇ ಸಲ ಆಗಿದ್ದನ್ನು ಬರೆಯೋಕೆ ಇಷ್ಟವಿಲ್ಲ, ಆದರೂ ಬರೆಯಬೇಕು. ಸೌದೆ ಉಳಿಸುವ ಆಸೆಗೆ ಒಂದೇ ಕುದಿ ಬರಿಸಿ ಇಳಿಸಿದೆ. ಅಲ್ಲಿ ಬಳಸೋದು ರೋಸ್‌ಕೊಕೊ ಬೀನ್ಸ್, ನಮ್ಮ ರಾಜ್ಮಾದ ದಾಯಾದಿ. ಆ ಜಾತಿಯ ಕಾಳನ್ನು ಚೆನ್ನಾಗಿ ಕೊತಕೊತ ಕುದಿಸದೆ ಬರೀ ಬಿಸಿಯಲ್ಲಿಟ್ಟರೆ ಅದರೊಳಗಿನ ವಿಷ ಹೋಗೋದಿಲ್ಲ. ಮೇಲೆ ಮೆತ್ತಗೆ ಕಂಡಿತು, ಬಡಿಸಿಬಿಟ್ಟೆವು. ಸಂಜೆ ಏಳೆಂಟು ಮಕ್ಕಳಿಗೆ ವಾಂತಿ. ರಾತ್ರಿಯೆಲ್ಲ ಸಕ್ಕರೆ ಉಪ್ಪಿನ ನೀರು ಕುಡಿಸುತ್ತ ಕೂತೆ. ಬೆಳಗಾಗುವಷ್ಟರಲ್ಲಿ ಹುಷಾರಾದರು. ಪಾಸ್ಟರ್ ಬುಟ್ಟಿ ಸುಡೋಕೆ ಹೇಳಿದರು. ತಪ್ಪೇನಿಲ್ಲ.

ಒಂದು ತಿಂಗಳು ಸುಮ್ಮನಿದ್ದೆ. ಆಮೇಲೆ ನಾನು ತಿನ್ನುವಷ್ಟೇ ಕಾಳು, ನನ್ನ ದುಡ್ಡಿನದು, ನನ್ನ ಹೊಟ್ಟೆ ಮೇಲೇ ಪ್ರಯೋಗ.

ಹುಲ್ಲು ಬಿಟ್ಟು ಸ್ವೆಟರ್ ಹಿಡಿದೆ. ಅಲ್ಲಿನ ಸಂತೆಯಲ್ಲಿ ಮಿಟುಂಬಾ, ಅಂದರೆ ಹೊರದೇಶದ ಹಳೇ ಬಟ್ಟೆ, ರಾಶಿ ರಾಶಿ. ತೂತು ಬಿದ್ದ ಉಣ್ಣೆ ಸ್ವೆಟರ್ ಸಂತೆ ಮುಗಿಯುವ ಹೊತ್ತಿಗೆ ಹತ್ತು ಶಿಲ್ಲಿಂಗಿಗೊಂದು. ನಲವತ್ತು ಸ್ವೆಟರ್ ತಂದು ಗೋಣಿಯೊಳಗೆ ಹೊಲಿದು ಬುಟ್ಟಿಗೆ ಗೋಡೆ ಕಟ್ಟಿದೆ. ಬುಟ್ಟಿ, ಗೋಣಿ, ಸ್ವೆಟರ್ ಸೇರಿ 900 ಆಗಿರಬಹುದು. ಅದೂ ಒಂದು ದಿನ ಹೊತ್ತಿಕೊಂಡಿತು! ಪಾತ್ರೆಯ ತಳದ ಮಸಿಯಲ್ಲಿ ಕಿಡಿ ಅಂಟಿಕೊಂಡಿತ್ತು. ಉಣ್ಣೆ ಸುಟ್ಟ ವಾಸನೆಗೆ ಎಲ್ಲರೂ ಎದ್ದು ಬಂದರು. ಆಗ ನೆನಪಾಗಿದ್ದು ನಮ್ಮಜ್ಜಿ ಪಾತ್ರೆ ತಳಕ್ಕೆ ಬೂದಿ ಕಲಸಿ ಬಳಿಯುತ್ತಿದ್ದುದು. ಬಳಿದು ಒಲೆಗಿಟ್ಟೆ. ಇಳಿಸಿದ ಮೇಲೆ ಒದ್ದೆ ಗೋಣಿ ಮೇಲೆ ಒಂದು ಸಲ ತಿರುಗಿಸಿದರೆ ಮಸಿ, ಕಿಡಿ ಎರಡೂ ಅಲ್ಲೇ ಬೀಳುತ್ತದೆ.

ಮೇಲೆ ಮುಚ್ಚುವ ದಿಂಬಿನ ಕೆಳಗೆ ಮೊದಲು ಪ್ಲಾಸ್ಟಿಕ್ ಚೀಲ ಬಿಡಿಸಿ ಹಾಕುತ್ತಿದ್ದೆ, ಹಬೆಗೆ ಅದು ನೆನೆಯಬಾರದಲ್ವಾ. ಆಗಸ್ಟ್ 28ರಿಂದ ದೇಶದಲ್ಲಿ ಪ್ಲಾಸ್ಟಿಕ್ ಚೀಲವೇ ನಿಷೇಧ. ಬೈದುಕೊಂಡೇ ಬಾಳೆ ಎಲೆಗೆ ಬಂದೆ. ಅದೇ ಎಷ್ಟೋ ವಾಸಿ. ಎಲೆ ಬಿಟ್ಟು ಇನ್ನೊಂದು ವಸ್ತುವನ್ನೂ ಮುಚ್ಚಳದ ಸುತ್ತ ಹಾಕುತ್ತೇನೆ. ಅದು ಏನು ಅಂತ ಇಲ್ಲಿ ಬರೆಯಲ್ಲ.

ಕೊನೆಗೆ ನಿಂತ ಲೆಕ್ಕ ಇದು. ಜೋಳ ಏಳು ಕಿಲೋ, ಬೀನ್ಸ್ ನಾಲ್ಕು, ಹಿಂದಿನ ಸಂಜೆಯೇ ನೆನೆಹಾಕಿ ಆ ನೀರು ಚೆಲ್ಲಬೇಕು. ಬೆಳಗ್ಗೆ ಉಜಿ ಜೊತೆಗೇ ಇನ್ನೊಂದು ಒಲೆ ಹಚ್ಚಿ, ಕುದಿ ಬಂದ ಮೇಲೆ 50 ನಿಮಿಷ ಜೋರಾಗಿ ಕುದಿಸಬೇಕು. ಆ ಎತ್ತರದಲ್ಲಿ ನೀರು ನೂರು ಡಿಗ್ರಿಗೆ ಮೊದಲೇ ಕುದಿಯುತ್ತದೆ, ನಮ್ಮೂರಿನ ಗಡಿಯಾರ ಅಲ್ಲಿ ನಡೆಯಲ್ಲ. ಆರೂವರೆಗೆ ಬುಟ್ಟಿಗೆ, ಹನ್ನೆರಡಕ್ಕೆ ಹೊರಗೆ. ತೆಗೆದಾಗ ಪಾತ್ರೆ ಮುಟ್ಟೋಕಾಗಬಾರದು. ಮತ್ತೆ ಹತ್ತು ನಿಮಿಷ ಕುದಿಸಿಯೇ ಬಡಿಸಬೇಕು. ಪಾತ್ರೆ ಮುಕ್ಕಾಲಾದರೂ ತುಂಬಿರಲಿ. ರಜೆಯಲ್ಲಿ ಮಕ್ಕಳು ಕಡಿಮೆಯಾದಾಗ ಅರ್ಧ ಪಾತ್ರೆ ಇಟ್ಟು, ಬಿಸಿ ನಿಲ್ಲದೆ, ಪಾಠ ಕಲಿತಿದ್ದೇನೆ.

ಚಿಟಿಕೆ ಮಗಾಡಿ ಸೋಡಾ ಹಾಕಬಹುದು. ಅಲ್ಲಿನ ಮಗಾಡಿ ಸರೋವರದಿಂದ ಬರುವ ಉಪ್ಪಿನಂಥ ಗಟ್ಟಿ. ಮಾಮಾ ಮೊದಲ ಸಲ ‘ಮಗಾಡಿ ತನ್ನಿ’ ಅಂದಾಗ ನಮ್ಮ ಮಾಗಡಿಯಿಂದ ಇವರಿಗೆ ಏನು ಬೇಕಪ್ಪಾ ಅನ್ನಿಸಿತ್ತು. ಜಾಸ್ತಿಯಾದರೆ ಸೋಪು ತಿಂದ ಹಾಗಿರುತ್ತದೆ.

ನಡುವೆ ರಾಗಿ ಮುದ್ದೆಯನ್ನೂ ಮಾಡಿ ನೋಡಿದೆ. ನಮ್ಮ ರಾಗಿ ಸಾವಿರಾರು ವರ್ಷಗಳ ಹಿಂದೆ ಹೊರಟಿದ್ದೇ ಪೂರ್ವ ಆಫ್ರಿಕಾದ ಕಡೆಯಿಂದ. ಅಲ್ಲಿ ಅದಕ್ಕೆ ವಿಂಬಿ ಅನ್ನುತ್ತಾರೆ. ನಾನು ಅಗಿಯದೆ ನುಂಗುವುದನ್ನು ನೋಡೋಕೆ ಮಕ್ಕಳು ಸುತ್ತ ನಿಂತರು. ಒಬ್ಬ ಹುಡುಗ ‘ಹಾವು, ಹಾವು’ ಅಂತ ಕೂಗಿದ. ವಿಂಬಿ ಬೆಲೆ ಜೋಳದ ಎರಡರಷ್ಟಿತ್ತು, ಹಾಗಾಗಿ ಉಜಿಗೆ ಒಂದು ಪಾಲು ಬೆರೆಸೋದಕ್ಕಷ್ಟೇ ಇಟ್ಟುಕೊಂಡೆ. ಹೆಸರುಕಾಳು ಮೊಳಕೆ ಕಟ್ಟಿಸಿದ್ದು ಪೂರ್ತಿ ಸೋಲು. ಹಸಿ ಕಾಳು ತಿನ್ನೋಕೆ ನಾವೇನು ಕೋಳಿಗಳಾ ಅಂತ ಮಾಮಾ ಕೇಳಿದರು. ಮತ್ತೆ ಕೋಳಿಗೇ ಬಂದರು ನೋಡಿ.

ಹತ್ತು ದಿನ ಬರುತ್ತಿದ್ದ ಸೌದೆ ಹದಿನಾರು, ಹದಿನೇಳು ದಿನ ಬಂತು. ತಿಂಗಳಿಗೆ ನಾಲ್ಕು ಸಾವಿರ ಉಳಿತಾಯ. ಎಲ್ಲರಿಗೂ ಒಂದೊಂದು ಮೊಟ್ಟೆ ಅಂದರೆ ಎರಡು ಟ್ರೇ ಚಿಲ್ಲರೆ, ಏಳುನೂರರ ಹತ್ತಿರ. ಅಕ್ಟೋಬರ್‌ನಲ್ಲಿ ಐದು ಸಲ ಮೊಟ್ಟೆ ಕೊಟ್ಟೆವು. ಎರಡು ವಾರಕ್ಕೆ ಬಂದು ಗೋಡೆಗೆ ಬಣ್ಣ ಬಳಿದು ಫೋಟೊ ತೆಗೆಸಿಕೊಂಡು ಹೋದ ಎಷ್ಟೋ ತಂಡಗಳನ್ನು ಆ ಊರು ಕಂಡಿದೆ. ಮೊಟ್ಟೆ ಹೆಚ್ಚಿಸಿದವನು ನಾನೇ ಮೊದಲು ಅಂತ ಹೇಳಿಕೊಳ್ಳೋಕೆ ನನಗೇನೂ ಸಂಕೋಚವಿಲ್ಲ.

ಹೊರಡುವ ವಾರ ಪಕ್ಕದ ಶಾಲೆಯ ಅಡುಗೆಯವರು ಬುಟ್ಟಿ ನೋಡೋಕೆ ಬಂದರು. ಮಾಮಾ ಮುಚ್ಚಳ ತೆಗೆದು ತೋರಿಸಿದರು, ಸ್ವೆಟರ್ ಗೋಡೆ ತೋರಿಸಿದರು, ಬೂದಿ ಬಳಿಯೋದು ತೋರಿಸಿದರು. ಇಂಥದ್ದೊಂದು ಮಾಡಿಕೊಡೋಕೆ 1,500 ಆಗುತ್ತದೆ ಅಂದರು. ಅವರು ಮುಚ್ಚಳದ ಸುತ್ತ ಇರೋದೇನು ಅಂತ ಕೇಳಿದಾಗ ಮಾಮಾ ಅದನ್ನು ಸೆರಗಿನಂತೆ ಹೊದ್ದಿದ್ದ ಲೆಸೊ ಬಟ್ಟೆಯಲ್ಲಿ ಮುಚ್ಚಿಕೊಂಡು, ನನ್ನ ಕಡೆ ನೋಡದೆ, ಚಹಾಕ್ಕೆ ಹಾಲಿಟ್ಟರು.