ಮಡಿಚುವ ಕತ್ತಿಯಿಂದ ಗಡ್ಡ ಬೋಳಿಸಿಕೊಳ್ಳಲು ಕಲಿಯುವ ಬಗೆ

ಕತ್ತಿ ಹಿಡಿದ ಕೈಗಿಂತ ಚರ್ಮವನ್ನು ಎಳೆದು ಹಿಡಿದ ಕೈಗೇ ಹೆಚ್ಚು ಕೆಲಸವಿರುತ್ತದೆ ಎಂಬುದು ನನಗೆ ಮನವರಿಕೆಯಾಗಲು ಎರಡು ತಿಂಗಳು ಹಿಡಿಯಿತು. ಹೊಸದಾಗಿ ಕಲಿಯುವವರು ಇದನ್ನು ಮೊದಲ ದಿನವೇ ತಿಳಿದಿದ್ದರೆ ಅನೇಕ ಗಾಯಗಳು ತಪ್ಪುತ್ತವೆ.

ನಮ್ಮ ಸಲೂನುಗಳಲ್ಲಿ ಈಗ ಕಾಣುವುದು ಎರಡಂಚಿನ ಬ್ಲೇಡನ್ನು ಅರ್ಧಕ್ಕೆ ಮುರಿದು ಸಿಕ್ಕಿಸುವ ಕತ್ತಿ. ರಕ್ತದ ಮೂಲಕ ಹರಡುವ ಸೋಂಕನ್ನು ತಡೆಯಲು ಒಬ್ಬೊಬ್ಬರಿಗೂ ಹೊಸ ಬ್ಲೇಡ್ ಹಾಕುವುದೇ ಅಲ್ಲಿ ಸರಿಯಾದ ಕ್ರಮ. ಆದರೆ ಆ ಬ್ಲೇಡ್ ಬಹಳ ತೆಳು. ಕಲಿಯುವವರ ಕೈ ತುಸು ತಪ್ಪಿದರೂ ಗೀರಿಬಿಡುತ್ತದೆ. ಮನೆಯಲ್ಲಿ ಒಬ್ಬರೇ ಬಳಸುವುದಾದರೆ, ಜರ್ಮನಿಯ ಸೋಲಿಂಗನ್ ಅಥವಾ ಇಂಗ್ಲೆಂಡಿನ ಶೆಫೀಲ್ಡ್ ಹೆಸರುವಾಸಿಯಾದ ಬಗೆಯ, ಅಲಗು ಹಿಡಿಯೊಳಕ್ಕೆ ಮಡಿಚಿಕೊಳ್ಳುವ ಕತ್ತಿಯೇ ಒಳ್ಳೆಯದು. ಅಲಗು 5/8 ಅಂಗುಲ ಅಗಲವಿದ್ದು ತುದಿ ದುಂಡಗಿರಲಿ, ಏಕೆಂದರೆ ಚೂಪು ತುದಿ ಕಿವಿಯ ಹಾಲೆಯನ್ನೂ ಮೂಗಿನ ಹೊಳ್ಳೆಯನ್ನೂ ತಾಕುತ್ತದೆ. ಹೊಸ ಕತ್ತಿಯನ್ನು ಒಮ್ಮೆ ಬಲ್ಲವರಿಂದ ನುಣುಪು ಕಲ್ಲಿನ ಮೇಲೆ ಮಸೆಯಿಸಿಕೊಳ್ಳಿ. ಆ ವಿದ್ಯೆಯನ್ನು ನೀವು ಆಮೇಲೆ ಕಲಿತರಾಯಿತು.

ಚರ್ಮದ ಪಟ್ಟಿಯ ಮೇಲೆ ಕತ್ತಿ ಎಳೆಯುವುದನ್ನು ಮಾತ್ರ ಈಗಲೇ ಕಲಿಯಬೇಕು. ಪಟ್ಟಿಯ ಒಂದು ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದನ್ನು ಜೋಲದಂತೆ ಬಿಗಿಯಾಗಿ ಹಿಡಿದು, ಕತ್ತಿಯ ಬೆನ್ನೂ ಅಂಚೂ ಒಟ್ಟಿಗೆ ಚರ್ಮಕ್ಕೆ ತಾಕುವಂತೆ ಮಲಗಿಸಿ, ಬೆನ್ನು ಮುಂದಾಗಿ ಅಂಚು ಹಿಂಬಾಲಿಸುವಂತೆ ಎಳೆಯಬೇಕು. ಪಟ್ಟಿಯ ಕೊನೆಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸಿ ಹಿಂದಿರುಗಿಸಬೇಕು. ಪ್ರತಿ ಸಲವೂ ಮೂವತ್ತರಿಂದ ಐವತ್ತು ಬಾರಿ, ಯಾವ ಅವಸರವೂ ಇಲ್ಲದೆ. ನಾನು ಸಲೂನಿನವರ ವೇಗವನ್ನು ಅನುಕರಿಸಲು ಹೋಗಿ, ಹೊರಳಿಸುವ ಮೊದಲೇ ಕೈ ತಿರುಗಿಸಿ, ಹೊಸ ಪಟ್ಟಿಯ ನಟ್ಟನಡುವೆ ಒಂದು ಕಚ್ಚು ಮಾಡಿದೆ.

ಗಡ್ಡವನ್ನು ಬಿಸಿನೀರಿನ ಸ್ನಾನವಾದ ಮೇಲೆಯೇ ತೆಗೆಯಬೇಕು. ಬ್ರಶ್ಶಿನಿಂದ ಎಬ್ಬಿಸಿದ ನೊರೆ ಗಟ್ಟಿ ಮೊಸರಿನಂತೆ ನಿಲ್ಲಬೇಕು. ಗುಳ್ಳೆಗುಳ್ಳೆಯಾಗಿ ಕಂಡರೆ ಅದು ಬೇಗ ಒಣಗುತ್ತದೆ. ಬಲಗೈಯವರು ಬಲಗೆನ್ನೆಯಿಂದ ತೊಡಗಬಹುದು. ಎಡಗೈಯನ್ನು ತಲೆಯ ಮೇಲಿಂದ ತಂದು, ಕಿವಿಯ ಮುಂದಿನ ಚರ್ಮವನ್ನು ತಮಟೆಯ ಚರ್ಮದಂತೆ ಬಿಗಿಯಾಗುವವರೆಗೆ ಮೇಲಕ್ಕೆಳೆಯಿರಿ. ಕತ್ತಿ ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ. ಒತ್ತಬೇಡಿ, ಕತ್ತಿಯ ಭಾರವೇ ಸಾಕು. ಕೂದಲು ಬೆಳೆದ ದಿಕ್ಕಿನಲ್ಲಿ ಬೆರಳಗಲದಷ್ಟು ಚಿಕ್ಕ ಚಿಕ್ಕ ಎಳೆತಗಳಲ್ಲಿ ಕೆಳಗಿಳಿಸುತ್ತಾ ಕಿವಿಗೊಟ್ಟು ಕೇಳಿ: ಒಣಗಿದ ಎಲೆಯನ್ನು ಬೆರಳುಗಳ ನಡುವೆ ಉಜ್ಜಿದಂಥ ಸಣ್ಣ ಚರಚರ ಸದ್ದು ಬಂದರೆ ಹದ ಸರಿಯಿದೆ. ಕೂದಲು ಹಿಡಿದು ಜಗ್ಗಿದಂತಾದರೆ ಓರೆ ಸರಿಯಿಲ್ಲ, ಇಲ್ಲವೇ ಅಂಚು ಮೊಂಡಾಗಿದೆ. ಒತ್ತಿ ಮುಗಿಸುವ ಯೋಚನೆ ಬಿಟ್ಟು ಪಟ್ಟಿಗೆ ಮರಳಿ.

ಕತ್ತಿಯನ್ನು ಅಂಚಿನ ಉದ್ದಕ್ಕೆ, ಅಂದರೆ ಪಕ್ಕಕ್ಕೆ, ಎಂದೂ ಜಾರಿಸಬಾರದು. ತರಕಾರಿ ಹೆಚ್ಚುವಾಗ ಚಾಕು ಹಾಗೆ ಜಾರಿದಾಗಲೇ ಕೊಯ್ಯುತ್ತದೆ. ಚರ್ಮಕ್ಕೂ ಅದೇ ನ್ಯಾಯ. ಗದ್ದದ ಮೂಳೆಯ ತಿರುವಿನಲ್ಲಿ ಅರ್ಧ ಉಗುರಿನಷ್ಟು ಜಾರಿಸಿಕೊಂಡ ದಿನ ಮಧ್ಯಾಹ್ನದವರೆಗೂ ನನಗೆ ರಕ್ತ ಜಿನುಗುತ್ತಿತ್ತು.

ಆದ್ದರಿಂದ ಮೊದಲ ವಾರ ಕೆನ್ನೆಗಳನ್ನಷ್ಟೇ ಕತ್ತಿಗೆ ಕೊಟ್ಟು, ಉಳಿದದ್ದನ್ನು ಎಂದಿನ ರೇಜರಿನಿಂದ ಮುಗಿಸಿ. ಬಳಿಕ ಕತ್ತು, ಆಮೇಲೆ ಗದ್ದ ಮತ್ತು ಮೇಲ್ದುಟಿ. ಕತ್ತಿನಲ್ಲಿ ಕೂದಲು ಅಡ್ಡಲಾಗಿಯೂ ಮೇಲ್ಮುಖವಾಗಿಯೂ ಬೆಳೆದಿರಬಹುದು. ಎರಡು ದಿನ ಗಡ್ಡ ಬಿಟ್ಟು ಅಂಗೈಯಿಂದ ಸವರಿ ನೋಡಿದರೆ ದಿಕ್ಕು ಗೊತ್ತಾಗುತ್ತದೆ. ಎದುರು ದಿಕ್ಕಿನಲ್ಲಿ ಹೆರೆಯುವುದನ್ನು ಕೆಲವು ತಿಂಗಳು ಮುಂದೂಡುವುದೇ ಜಾಣತನ.

ಮುಗಿದ ಮೇಲೆ ತಣ್ಣೀರಿನಿಂದ ತೊಳೆದು, ಒದ್ದೆ ಮುಖಕ್ಕೆ ಪಟಿಕವನ್ನು ಸವರಿದರೆ ಸಣ್ಣ ಗೀರುಗಳು ಮುಚ್ಚಿಕೊಳ್ಳುತ್ತವೆ. ಕತ್ತಿಯನ್ನು ಬೆನ್ನಿನಿಂದ ಅಂಚಿನ ಕಡೆಗೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಮಡಿಚಿ, ಬಚ್ಚಲುಮನೆಯ ಹೊರಗೆ ಇಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇಂಗಾಲದ ಉಕ್ಕು ಬೇಗನೆ ತುಕ್ಕು ಹಿಡಿಯುವುದರಿಂದ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಸವರಿಟ್ಟು, ಮರುದಿನ ಪಟ್ಟಿಗೆ ಎಳೆಯುವ ಮುನ್ನ ಒರೆಸಿಕೊಳ್ಳಬೇಕು.